ನಾಲ್ಕನೆಯ ಕಲಮು

ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಲ್ಲಿ ‘ಆಡಳಿತಾಧಿಕಾರಿ’ ಎಂಬ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಸಹಕಾರ ಸಂಘವೊಂದರ ಲೆಕ್ಕ ಹದಗೆಟ್ಟಿತು ಎಂದರೆ ಗೆದ್ದು ಬಂದ ಆಡಳಿತ ಮಂಡಳಿಯನ್ನು ಸೂಪರ್‌ಸೀಡ್ ಮಾಡುತ್ತಾರೆ, ಇಲಾಖೆಯ ಒಬ್ಬರನ್ನು ತಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸುತ್ತಾರೆ. 1959ರ ಸಹಕಾರ ಸಂಘಗಳ ಕಾಯಿದೆಯ 30ನೇ ಪ್ರಕರಣ ಅದಕ್ಕೆ ಅವಕಾಶ ಕೊಡುತ್ತದೆ. ನಮ್ಮ ಹೋಬಳಿಯ ಒಂದು ಸಂಘಕ್ಕೆ ಹಾಗಾದಾಗ ಹಿರಿಯರೊಬ್ಬರು ಹೇಳಿದ ಮಾತು ನನಗೆ ನೆನಪಿದೆ: “ಸಂಘಕ್ಕೆ ಸರ್ಕಾರದೋರು ಬಂದು ಕೂತವ್ರಂತ ಕನಪ್ಪ, ಇನ್ನು ನಮ್ ದುಡ್ಡು ಬಂದಂಗೆಯ.” ವ್ಯಂಗ್ಯ ಇರಲಿ. ಆ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಬಂದು ಕೂತವರ ಕೈಯಲ್ಲಿ ಏನೇನಿದೆ? ಅವರು ಎದ್ದು ಹೋಗುವುದು ಯಾವಾಗ?

ನಾನು ಪಿಎಚ್.ಡಿ.ಗಾಗಿ ಓದುತ್ತಿರುವುದು ಮೈಸೂರು ಸಂಸ್ಥಾನದ ಕಮಿಷನರ್ ಆಳ್ವಿಕೆಯ ಕಾಲದ ಕಂದಾಯದ ಬಗ್ಗೆ. ಐವತ್ತು ವರ್ಷದ ಆ ಅವಧಿಯನ್ನು ನಾವು ಸಾಮಾನ್ಯವಾಗಿ ರಾಜಕೀಯ ಇತಿಹಾಸವಾಗಿ ಓದುತ್ತೇವೆ. ದಂಗೆ ಆಯಿತು, ಬ್ರಿಟಿಷರು ಅಧಿಕಾರ ಕಿತ್ತುಕೊಂಡರು, ಆಮೇಲೆ ಕೊಟ್ಟರು. ಆದರೆ ಕಾಗದಪತ್ರಗಳನ್ನು ಓದುತ್ತಾ ಹೋದಂತೆ ಅದು ಇನ್ನೊಂದು ಬಗೆಯ ಕತೆಯಂತೆ ಕಾಣತೊಡಗುತ್ತದೆ. ಸಾಲಗಾರ, ಸಾಲ ಕೊಟ್ಟವನು, ಬಾಕಿಯ ಭಯ, ವಹಿಸಿಕೊಂಡ ಆಡಳಿತಾಧಿಕಾರಿ, ಲೆಕ್ಕ ಒಪ್ಪಿಸುವ ಕರಾರು, ಹೀಗೆ ಇವತ್ತು ಮುಳುಗುತ್ತಿರುವ ಕಂಪನಿಯೊಂದರ ಬಗ್ಗೆ ನ್ಯಾಯಮಂಡಳಿಯ ಮುಂದೆ ಕೇಳಿಬರುವ ಮಾತುಗಳೆಲ್ಲ ಅಲ್ಲಿವೆ. ವಿಚಿತ್ರವೆಂದರೆ ಇಲ್ಲಿ ಮುಳುಗುತ್ತಿದೆ ಎನಿಸಿಕೊಂಡದ್ದು ಒಂದು ರಾಜ್ಯ, ಅದನ್ನು ವಹಿಸಿಕೊಂಡದ್ದು ಒಂದು ಕಂಪನಿ.

ಆ ಕತೆಯನ್ನು ಹೇಳುವುದಕ್ಕೆ ನಮ್ಮ ಮೂರು ಊರುಗಳಿಗಿಂತ ಅನುಕೂಲದ ಜಾಗ ಸಿಗಲಾರದು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎರಡೂ ಕಡೆ ಒಂದೇ ಮಾತು, ಒಂದೇ ಬೆಳೆ, ಮಾದೇಶ್ವರನಿಗೂ ಬಿಳಿಗಿರಿರಂಗನಿಗೂ ಹೊರುವ ಹರಕೆಗಳೂ ಹೆಚ್ಚುಕಡಿಮೆ ಒಂದೇ. ಆದರೂ 1799ರಿಂದ 1956ರವರೆಗೆ, ನೂರಾ ಐವತ್ತೇಳು ವರ್ಷ, ಇವುಗಳ ನಡುವೆ ಒಂದು ಗಡಿ ಇತ್ತು. ಟಿಪ್ಪು ಸತ್ತ ಮೇಲೆ ರಾಜ್ಯವನ್ನು ಪಾಲು ಮಾಡಿದಾಗ ಕೊಯಮತ್ತೂರು ಸೀಮೆಯ ಜತೆ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಹೋಯಿತು. ತೀರಾ ಇತ್ತೀಚಿನವರೆಗೆ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿದ್ದ ಹನೂರೂ ಅದರೊಂದಿಗೆ ಹೋಯಿತು. ಯಳಂದೂರು ಮೈಸೂರಿನ ಒಳಗೆ ಉಳಿಯಿತು. ಕಂಪನಿ ಒಂದು ಕಡೆಯದನ್ನು ಗೆದ್ದು ತನ್ನದಾಗಿಸಿಕೊಂಡಿತು. ಇನ್ನೊಂದು ಕಡೆಯದನ್ನು ಮೂವತ್ತೆರಡು ವರ್ಷಗಳ ನಂತರ ‘ವಹಿಸಿಕೊಂಡಿತು’. ಈ ಎರಡು ಕ್ರಿಯಾಪದಗಳ ನಡುವೆ ಎಷ್ಟು ಅಂತರವಿದೆ ಎಂಬುದೇ ನನಗಿರುವ ಕುತೂಹಲ.

1799ರ ಜುಲೈ 8ರಂದು ಐದು ವರ್ಷ ತುಂಬುವುದರಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿಯೊಂದಿಗೆ ಒಂದು ಕರಾರು ಆಯಿತು. ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿಯನ್ನು ತಿಂಗಳ ಕಂತುಗಳಲ್ಲಿ ಕೊಡಬೇಕು, ಅದಕ್ಕೆ ಪ್ರತಿಯಾಗಿ ಕಂಪನಿಯ ಸೈನ್ಯ ರಾಜ್ಯವನ್ನು ಕಾಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಅದರ ನಾಲ್ಕನೆಯ ಮತ್ತು ಐದನೆಯ ಕಲಮುಗಳನ್ನು ಓದುವವರು ಕಡಿಮೆ. ನಾಲ್ಕನೆಯದರ ಸಾರಾಂಶ ಹೀಗಿದೆ: ಸೈನ್ಯದ ಖರ್ಚಿಗೆಂದು ಇಟ್ಟ ಹಣ ಬಾರದೆ ಹೋಗಬಹುದು ಎಂದು ಭಯಪಡಲು ಕಾರಣವಿದೆ ಎಂದು ಗವರ್ನರ್ ಜನರಲ್‌ಗೆ ಅನ್ನಿಸಿದರೆ, ಆತ ಮೈಸೂರಿನ ಆಡಳಿತಕ್ಕೆ ತಾನೇ ನಿಯಮಗಳನ್ನು ಮಾಡಬಹುದು, ಇಲ್ಲವೇ ಆ ಹಣ ಹುಟ್ಟಲು ಅಗತ್ಯವಾದಷ್ಟು ಪ್ರದೇಶವನ್ನು, ಒಂದು ಭಾಗವನ್ನೋ ಕೆಲವು ಭಾಗಗಳನ್ನೋ, ಕಂಪನಿಯ ನೇರ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಐದನೆಯ ಕಲಮು ವಿಧಾನವನ್ನು ಹೇಳುತ್ತದೆ. ಗವರ್ನರ್ ಜನರಲ್ ತಿಳಿಸಿದ ಮೇಲೆ ರಾಜರು ತಮ್ಮ ಅಮಲ್ದಾರರಿಗೆ ಆಜ್ಞೆ ಹೊರಡಿಸಬೇಕು. ಹತ್ತು ದಿನಗಳೊಳಗೆ ಹೊರಡಿಸದಿದ್ದರೆ ಗವರ್ನರ್ ಜನರಲ್ಲೇ ಹೊರಡಿಸಬಹುದು. ತೆಗೆದುಕೊಂಡ ಪ್ರದೇಶದ ಹುಟ್ಟುವಳಿಗೆ ಕಂಪನಿ ರಾಜರಿಗೆ ಸರಿಯಾದ, ನಂಬಿಗಸ್ತ ಲೆಕ್ಕ ಒಪ್ಪಿಸಬೇಕು. ಮತ್ತು ಏನೇ ಆದರೂ ರಾಜರಿಗೆ 1 ಲಕ್ಷ ಸ್ಟಾರ್ ಪಗೋಡದ ಜತೆಗೆ ಇಡೀ ರಾಜ್ಯದ ನಿವ್ವಳ ಹುಟ್ಟುವಳಿಯ ಐದನೇ ಒಂದು ಪಾಲು ಕಡಿಮೆಯಾಗಬಾರದು.

ಬರೆದವರು ವ್ಯಾಪಾರಿಗಳ ಮನೆಯವರು ಎಂಬುದು ಸಾಲುಸಾಲಿನಲ್ಲೂ ಗೊತ್ತಾಗುತ್ತದೆ. ಬಾಕಿ ಬೀಳುವ ತನಕ ಕಾಯಬೇಕಿಲ್ಲ, ಭಯ ಹುಟ್ಟಿದರೆ ಸಾಕು. ಭಯ ಹುಟ್ಟಿದೆಯೇ ಎಂದು ತೀರ್ಮಾನಿಸುವವನು ಹಣ ಬರಬೇಕಾದವನೇ. ನಡುವೆ ಮೂರನೆಯವರು ಯಾರೂ ಇಲ್ಲ. ಅದೇ ಹೊತ್ತಿಗೆ ಕಲಮಿನಲ್ಲಿ ಮೂರು ಕಟ್ಟುಗಳೂ ಇವೆ ಎಂಬುದನ್ನು ಮರೆಯಬಾರದು. ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಬೇಕು, ಲೆಕ್ಕ ಕೊಡಬೇಕು, ಮಾಲೀಕನ ಪಾಲನ್ನು ಮುಟ್ಟಬಾರದು. ಒಂದು ಕಟ್ಟು ಮಾತ್ರ ಇಲ್ಲ. ಎಷ್ಟು ಕಾಲಕ್ಕೆ ಎಂಬುದನ್ನು ಅಲ್ಲಿ ಬರೆದಿಲ್ಲ.

ಮೊದಲ ಹನ್ನೆರಡು ವರ್ಷ ಈ ಕಲಮುಗಳನ್ನು ತೆಗೆದು ನೋಡುವ ಪ್ರಸಂಗ ಬರಲಿಲ್ಲ. ಹೈದರನ ಕಾಲದಿಂದಲೂ ಲೆಕ್ಕ ಬಲ್ಲವರಾಗಿದ್ದ ಪೂರ್ಣಯ್ಯನವರು ದಿವಾನರಾಗಿದ್ದರು. ಕಂತು ತಪ್ಪಲಿಲ್ಲ, ಬೊಕ್ಕಸದಲ್ಲಿ ಉಳಿತಾಯವೂ ಆಯಿತು. ಆ ಉಳಿತಾಯದ ಬಗ್ಗೆ ಒಂದು ತಕರಾರು ಅಂದಿನಿಂದಲೂ ಇದೆ. ಅದು ಚಾಕಚಕ್ಯತೆಯಿಂದ ಬಂದದ್ದಷ್ಟೇ ಅಲ್ಲ, ರೈತನನ್ನು ಹಿಂಡಿ ಬಂದದ್ದೂ ಹೌದು ಎನ್ನುವವರಿದ್ದಾರೆ. ಎರಡೂ ಇರಬಹುದು ಎಂದು ನನ್ನ ಊಹೆ. ಬೊಕ್ಕಸ ತುಂಬಿಸಿದವರನ್ನು ಹೊಗಳುವಾಗ ನಾವು ಯಾರ ಕಣಜ ಖಾಲಿಯಾಯಿತು ಎಂದು ಕೇಳುವುದು ಕಡಿಮೆ. ಅವರ ಸೇವೆಗೆ 1807ರಲ್ಲಿ ಯಳಂದೂರನ್ನು ವಂಶಪಾರಂಪರ್ಯ ಜಹಗೀರಾಗಿ ಕೊಟ್ಟರು. ಸಂಚಿ ಹೊನ್ನಮ್ಮನ ಊರು, ಷಡಕ್ಷರದೇವನ ನೆನಪಿರುವ ಊರು, ಹೀಗೆ ಒಬ್ಬ ಆಡಳಿತಗಾರರ ಸಂಭಾವನೆಯಾಗಿ ಕೈ ಬದಲಾಯಿಸಿತು. ಮುಂದೆ ಮೈಸೂರು ಅರಸರ ಮೇಲೆ ನಾಟಕಗಳನ್ನು ಬರೆದ ಸಂಸರು ಹುಟ್ಟಿದ ಅಗರವೂ ಯಳಂದೂರಿನ ಪಕ್ಕದ್ದೇ. ಒಡೆತನದ ಕಾಗದಗಳಲ್ಲಿ ಇಂಥದ್ದೆಲ್ಲ ದಾಖಲಾಗುವುದಿಲ್ಲ ಎಂದು ಇಲ್ಲಿ ಹೇಳಿದೆ.

1811ರಲ್ಲಿ ಪೂರ್ಣಯ್ಯನವರು ಅಧಿಕಾರ ಬಿಟ್ಟರು, ಮರುವರ್ಷ ತೀರಿಕೊಂಡರು. ಮುಮ್ಮಡಿಯವರು ತಾವೇ ಆಳತೊಡಗಿದರು. ಮುಂದಿನ ಇಪ್ಪತ್ತು ವರ್ಷದ ಬಗ್ಗೆ ಇಂಗ್ಲಿಷ್ ದಾಖಲೆಗಳು ಒಂದೇ ರಾಗ ಹಾಡುತ್ತವೆ: ಉಳಿತಾಯ ಕರಗಿತು, ದಾನಧರ್ಮ ಮಿತಿಮೀರಿತು, ಸಾಲ ಬೆಳೆಯಿತು. ಇದರಲ್ಲಿ ನಿಜವಿದೆ. ಆದರೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಆ ‘ದುಂದು’ ಬೇರೆಯಾಗಿಯೂ ಕಾಣುತ್ತದೆ. 1823ರ ಕೆಂಪುನಾರಾಯಣನ ‘ಮುದ್ರಾಮಂಜೂಷ’ ಬಂದದ್ದು ಆ ಆಸ್ಥಾನದ ಆಶ್ರಯದಲ್ಲಿ. ಸಂಗೀತಗಾರರು, ಪಂಡಿತರು, ಚಿತ್ರಕಾರರು ಉಂಡದ್ದು ಅದೇ ಬೊಕ್ಕಸದ ಅನ್ನ. ಲೆಕ್ಕ ತಪಾಸಣೆಗೆ ಬಂದವನ ಪುಸ್ತಕದಲ್ಲಿ ಇದಕ್ಕೆಲ್ಲ ಒಂದೇ ಕಾಲಂ, ಖರ್ಚು.

ಇನ್ನೊಂದು ಕಡೆ ಕಂದಾಯ ವಸೂಲಿಯಲ್ಲಿ ಶರತ್ತಿನ ಪದ್ಧತಿ ಬೆಳೆಯಿತು. ಅಮಲ್ದಾರನಾದವನು ಇಷ್ಟು ಹಣ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಬೇಕು. ಹುಟ್ಟುವಳಿ ಎಷ್ಟೇ ಇರಲಿ, ಹೇಳಿದ ಮೊತ್ತ ಬರಬೇಕು. ಇದರ ಪೆಟ್ಟು ಬಿದ್ದದ್ದು ರೈತನ ಬೆನ್ನಿಗೆ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕಟ್ಟುವುದನ್ನು ನಿಲ್ಲಿಸಿದರು. ಅದು ದಂಗೆಯಾಗಿ ಬೆಳೆಯಿತು, ಕಂಪನಿಯ ಪಡೆ ಬಂದು ಅಡಗಿಸಬೇಕಾಯಿತು. 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮುಮ್ಮಡಿಯವರಿಗೆ ಪತ್ರ ಬರೆದ. ಅಕ್ಟೋಬರ್‌ನಲ್ಲಿ ಇಡೀ ರಾಜ್ಯ ಕಂಪನಿಯ ಕಮಿಷನರುಗಳ ಕೈಗೆ ಹೋಯಿತು.

ಇಲ್ಲಿ ಕಲಮಿಗೂ ಕೃತ್ಯಕ್ಕೂ ನಡುವಿನ ಬಿರುಕನ್ನು ಸ್ವಲ್ಪ ನಿಂತು ನೋಡಬೇಕು. ಕೂಗಿದವರು ರೈತರು. ಪತ್ರದ ವಾದಕ್ಕೆ ಬಲ ಬಂದದ್ದು ಅವರ ಕಷ್ಟದಿಂದ. ಆದರೆ ಕರಾರಿನಲ್ಲಿ ರೈತನ ಹೆಸರಿಲ್ಲ, ಅಲ್ಲಿರುವುದು ಪೊಗದಿಯ ಭದ್ರತೆ ಮಾತ್ರ. ಪೊಗದಿ ಆಗ ನಿಜವಾಗಿಯೂ ಬಾಕಿ ಬಿದ್ದಿತ್ತೇ ಎಂಬ ಆಕ್ಷೇಪವನ್ನು ಮೈಸೂರಿನ ಇತಿಹಾಸ ಬರೆದ ಹಲವರು ಎತ್ತಿದ್ದಾರೆ. ಬೀಳಬೇಕಿರಲಿಲ್ಲ, ಭಯವೇ ಸಾಕಿತ್ತು, ಅದೇ ಆ ಕಲಮಿನ ಬುದ್ಧಿವಂತಿಕೆ. ಆದರೆ ‘ಒಂದು ಭಾಗವನ್ನೋ ಕೆಲವು ಭಾಗಗಳನ್ನೋ’ ಎಂಬ ಮಾತಿಗೆ ಏನು ಮಾಡುವುದು? ಇದು ಬೆಂಟಿಂಕನನ್ನೂ ಕಾಡಿತು. ಡಿಸೆಂಬರ್ 1831ರಲ್ಲಿ ಆತನೇ ನೇಮಿಸಿದ್ದ ತನಿಖಾ ಸಮಿತಿ 1833ರ ಕೊನೆಗೆ ವರದಿ ಕೊಟ್ಟಿತು. 1834ರಲ್ಲಿ ಆತ ಲಂಡನ್ನಿನ ನಿರ್ದೇಶಕ ಮಂಡಳಿಗೆ ಬರೆದು, ಪೊಗದಿಗೆ ಸಾಕಾಗುವಷ್ಟು ಭಾಗವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ರಾಜರಿಗೆ ಬಿಡೋಣ ಎಂದ. ಮಂಡಳಿ ಒಪ್ಪಲಿಲ್ಲ. ಒಳ್ಳೆಯ ಆಡಳಿತ ಗಟ್ಟಿಯಾಗಿ ನೆಲೆಯೂರುವವರೆಗೆ ಇಡೀ ರಾಜ್ಯ ಕೈಯಲ್ಲೇ ಇರಲಿ ಎಂದು ತೀರ್ಮಾನಿಸಿತು. ಒಳ್ಳೆಯ ಆಡಳಿತ ನೆಲೆಯೂರಿತೇ ಎಂದು ಹೇಳಬೇಕಾದವರೂ ಅವರೇ.

ಈ ನಿರ್ದೇಶಕ ಮಂಡಳಿಯ ಹಿನ್ನೆಲೆಯನ್ನು ಒಂದು ಮಾತಿನಲ್ಲಾದರೂ ಹೇಳದೆ ಮುಂದೆ ಹೋಗಲಾರೆ. 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತಾನೇ ದಿವಾಳಿಯ ಅಂಚಿಗೆ ಬಂದಿತ್ತು. ಬ್ರಿಟಿಷ್ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು, ಅದರ ಜತೆಗೆ 1773ರ ರೆಗ್ಯುಲೇಟಿಂಗ್ ಆಕ್ಟ್ ತಂದು ಅದರ ಕೊರಳಿಗೆ ಹಗ್ಗ ಹಾಕಿತು. ಗವರ್ನರ್ ಜನರಲ್ ಎಂಬ ಹುದ್ದೆ ಹುಟ್ಟಿದ್ದೇ ಆ ಕಾಯಿದೆಯಿಂದ. ಅಂದರೆ ಮೈಸೂರಿನ ಸಾಲದ ಬಗ್ಗೆ ಭಯಪಡುವ ಅಧಿಕಾರ ಇದ್ದದ್ದು, ಕಂಪನಿಯ ಸಾಲದ ಬಗ್ಗೆ ಇಂಗ್ಲೆಂಡ್ ಭಯಪಟ್ಟದ್ದರಿಂದ ಹುಟ್ಟಿದ ಹುದ್ದೆಗೆ. ಬೆಂಟಿಂಕ್ ಇಂಡಿಯಾಕ್ಕೆ ಬಂದದ್ದೂ ಕಂಪನಿಯ ಖರ್ಚು ಇಳಿಸುವ ಕೆಲಸ ಹೊತ್ತು.

ಕಮಿಷನರಿಗೆ ಎಷ್ಟು ಅಧಿಕಾರವಿತ್ತು? ಮೊದಲು ಇಬ್ಬರು ಕಮಿಷನರುಗಳನ್ನು ಕೂರಿಸಿದರು, ಅವರಿಗೆ ಪರಸ್ಪರ ಸರಿಹೋಗಲಿಲ್ಲ. 1834ರಲ್ಲಿ ಒಬ್ಬನೇ ಸಾಕು ಎಂದಾಯಿತು. ಆ ವರ್ಷ ಬಂದ ಮಾರ್ಕ್ ಕಬ್ಬನ್ 1861ರವರೆಗೆ ಇಪ್ಪತ್ತೇಳು ವರ್ಷ ಕುರ್ಚಿ ಬಿಡಲಿಲ್ಲ. ಕಂದಾಯ, ನ್ಯಾಯ, ಪೊಲೀಸು, ರಸ್ತೆ ಎಲ್ಲವೂ ಅವನ ಕೈಯಲ್ಲಿ. ರಾಜಧಾನಿಯ ಕಚೇರಿಗಳನ್ನು ಮೈಸೂರಿನಿಂದ ಬೆಂಗಳೂರಿಗೆ ತಂದರು. ರಾಜ್ಯವನ್ನು ನಾಲ್ಕು ವಿಭಾಗ ಮಾಡಿ ಯುರೋಪಿಯನ್ ಸೂಪರಿಂಟೆಂಡೆಂಟರನ್ನು ಇಟ್ಟರು, ಕೆಳಗೆ ಅಮಲ್ದಾರರು ಹಳೆಯ ಪದ್ಧತಿಯವರೇ. ಮುಮ್ಮಡಿಯವರು ಅರಮನೆಯಲ್ಲಿ, ಐದನೆಯ ಕಲಮಿನ 1 ಲಕ್ಷ ಪಗೋಡ ಮತ್ತು ಐದನೇ ಒಂದು ಪಾಲಿನ ಮೇಲೆ ಉಳಿದರು. ಅರಸು ಪದವಿ ಇತ್ತು, ಆಜ್ಞೆ ಮಾಡುವ ಅಧಿಕಾರ ಇರಲಿಲ್ಲ.

ಕಬ್ಬನ್ನನ ಆಡಳಿತವನ್ನು ಬರೀ ದಬ್ಬಾಳಿಕೆ ಎನ್ನಲು ನನಗೆ ಮನಸ್ಸಿಲ್ಲ. 769 ಬಗೆಯ ಚಿಲ್ಲರೆ ತೆರಿಗೆಗಳು ಆ ಕಾಲದಲ್ಲಿ ರದ್ದಾದವು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಇನ್ನೂ ಏನೇನಕ್ಕೋ ಕೊಡಬೇಕಾಗಿದ್ದ ಕಾಸುಗಳ ಪಟ್ಟಿ ಅದು. ಶರತ್ತಿನ ಪದ್ಧತಿ ಹೋಯಿತು, ರಸ್ತೆಗಳಾದವು. ಇದಕ್ಕೆ ಒಂದು ಕಾರಣ ಕಬ್ಬನ್ನನ ಸ್ವಭಾವ, ಇನ್ನೊಂದು ಕಾರಣ ‘ವಹಿಸಿಕೊಂಡದ್ದು’ ಎಂಬ ಸ್ಥಿತಿಯೇ ಎಂದು ನನ್ನ ವಾದ. ಮೈಸೂರಿನ ಲೆಕ್ಕವನ್ನು ಕಂಪನಿಯ ಉಳಿದ ಸೀಮೆಗಳ ಲೆಕ್ಕದೊಂದಿಗೆ ಕಲಸಲು ಸಾಧ್ಯವಿರಲಿಲ್ಲ, ಏಕೆಂದರೆ ಅದನ್ನು ಕೇಳುವ ಹಕ್ಕಿದ್ದ ಒಬ್ಬರು ಮೈಸೂರಿನ ಅರಮನೆಯಲ್ಲಿ ಕೂತಿದ್ದರು. ಕೊಳ್ಳೇಗಾಲದ ಲೆಕ್ಕ ಹಾಗಿರಲಿಲ್ಲ. ಅಲ್ಲಿಯ ಕಂದಾಯ ಕೊಯಮತ್ತೂರು ಕಲೆಕ್ಟರರ ಮೂಲಕ ಮದ್ರಾಸಿನ ದೊಡ್ಡ ಹೊಂಡಕ್ಕೆ ಸೇರಿಹೋಗುತ್ತಿತ್ತು. ಯಳಂದೂರಿನಲ್ಲಿ ಮೇಲೆ ಕಮಿಷನರ್, ಅವನ ಕೆಳಗೆ ಪೂರ್ಣಯ್ಯನವರ ವಂಶದ ಜಹಗೀರುದಾರರು, ಎಲ್ಲಕ್ಕೂ ಮೇಲೆ ಹೆಸರಿಗೆ ಮಹಾರಾಜರು. ಹೊಲ ಉಳುವವನಿಗೆ ಇದರಿಂದ ಅಂದಂದಿಗೆ ದೊಡ್ಡ ವ್ಯತ್ಯಾಸ ಆಗಿರಲಾರದು. ಕೇಳುವವರಿದ್ದ ಲೆಕ್ಕಕ್ಕೂ ಕೇಳುವವರಿಲ್ಲದ ಲೆಕ್ಕಕ್ಕೂ ಇರುವ ವ್ಯತ್ಯಾಸ ಗೊತ್ತಾಗಲು ಒಂದೆರಡು ತಲೆಮಾರು ಬೇಕು.

ಆದರೆ ಹಿಂದಕ್ಕೆ ಕೊಡುವ ಮಾತು ಬಂದಾಗ ಆ ಕಟ್ಟುಗಳೆಲ್ಲ ಸಡಿಲವಾದವು. 1840ರ ದಶಕದಿಂದ ಮುಮ್ಮಡಿಯವರು ಮನವಿಯ ಮೇಲೆ ಮನವಿ ಬರೆದರು. 1857ರಲ್ಲಿ ಬ್ರಿಟಿಷರ ಪರವಾಗಿ ನಿಂತರು. 1862ರಲ್ಲಿ ಕ್ಯಾನಿಂಗ್ ಮನವಿಯನ್ನು ತಿರಸ್ಕರಿಸಿದ. ಅದಕ್ಕೂ ಮೊದಲು ಡಾಲ್‌ಹೌಸಿಯ ಲೆಕ್ಕಾಚಾರ ಇನ್ನೂ ಸರಳವಾಗಿತ್ತು. ರಾಜರಿಗೆ ಗಂಡು ಸಂತಾನವಿಲ್ಲ, ಕಾಯ್ದರೆ ರಾಜ್ಯ ತಾನಾಗಿ ನಮ್ಮದಾಗುತ್ತದೆ. ನಿಗಾ ನೋಡಿಕೊಳ್ಳಲು ಬಂದವರು ಮಾಲೀಕ ಸಾಯುವುದನ್ನು ಕಾಯುತ್ತಾ ಕೂರುವ ಸ್ಥಿತಿ ಇದು. 1865ರಲ್ಲಿ ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಭಾರತದಲ್ಲೂ ಲಂಡನ್ನಿನಲ್ಲೂ ಸಾಕಷ್ಟು ಕೂಗೆದ್ದ ಮೇಲೆ, 1867ರಲ್ಲಿ ಲಂಡನ್ನಿನ ಸರ್ಕಾರ ಆ ದತ್ತನ್ನು ಒಪ್ಪಿತು. ಅವರು ಮರುವರ್ಷ ತೀರಿಕೊಂಡರು. ರಾಜ್ಯವನ್ನು ಮತ್ತೆ ಕೈಗೆ ಪಡೆಯುವುದನ್ನು ಅವರು ನೋಡಲಿಲ್ಲ.

ಈ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ, ನೂರು ವರ್ಷ ಮುಂದಕ್ಕೆ, ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಬಟ್ಟೆ ಗಿರಣಿಗೆ ಹೋಗಬೇಕು. ಅಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಮಿನರ್ವ ಮಿಲ್ಸ್ ಎಂದೊಡನೆ ಕಾನೂನು ವಿದ್ಯಾರ್ಥಿಗಳು ಸಂವಿಧಾನದ ಮೂಲ ಸ್ವರೂಪ ಎಂದು ಹೇಳಿಬಿಡುತ್ತಾರೆ. 1980ರಲ್ಲಿ ಸುಪ್ರೀಂ ಕೋರ್ಟ್ 42ನೇ ತಿದ್ದುಪಡಿಯ 4 ಮತ್ತು 55ನೇ ಸೆಕ್ಷನ್ನುಗಳನ್ನು ರದ್ದು ಮಾಡಿದ ಪ್ರಕರಣ ಅದು. ಅಷ್ಟು ದೊಡ್ಡ ತೀರ್ಪಿನ ಬುಡದಲ್ಲಿ ಒಂದು ಗಿರಣಿ ಇತ್ತು, ಅದನ್ನು ಯಾರೋ ಬಂದು ವಹಿಸಿಕೊಂಡಿದ್ದರು ಎಂಬುದು ಮರೆತುಹೋಗಿದೆ.

ನಡೆದದ್ದು ಹೀಗೆ. 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ 1970ರ ಆಗಸ್ಟ್ 20ರಂದು ಗಿರಣಿಯ ಮೇಲೆ ತನಿಖಾ ಸಮಿತಿ ನೇಮಿಸಿತು. ಉತ್ಪಾದನೆ ಗಣನೀಯವಾಗಿ ಕುಸಿದಿದೆ ಅಥವಾ ಕುಸಿಯಬಹುದು ಎಂಬುದು ಕಾರಣ. ‘ಕುಸಿಯಬಹುದು’ ಎಂಬಲ್ಲಿ ನಾಲ್ಕನೆಯ ಕಲಮಿನ ದನಿ ನನಗೆ ಕೇಳಿಸುತ್ತದೆ. 1971ರ ಜನವರಿಯಲ್ಲಿ ವರದಿ ಬಂತು. ಅಕ್ಟೋಬರ್ 19ರಂದು, ಗಿರಣಿಯನ್ನು ಸಾರ್ವಜನಿಕ ಹಿತಕ್ಕೆ ತೀವ್ರ ಹಾನಿಯಾಗುವಂತೆ ನಡೆಸಲಾಗುತ್ತಿದೆ ಎಂದು, 18ಎ ಸೆಕ್ಷನ್ ಅಡಿ ಆಡಳಿತವನ್ನು ರಾಷ್ಟ್ರೀಯ ಜವಳಿ ನಿಗಮಕ್ಕೆ ಒಪ್ಪಿಸಿದರು. ಅಂಥ ಆದೇಶ ಹೊರಟ ಗಳಿಗೆಯಿಂದ ಹಳೆಯ ನಿರ್ದೇಶಕರೆಲ್ಲ ಸ್ಥಾನ ತೆರವು ಮಾಡಿದಂತೆ, ಹೊಸದಾಗಿ ಬಂದವರೇ ನಿರ್ದೇಶಕರಾದಂತೆ. ಆಸ್ತಿ ಅವರ ವಶ, ಮಾಲೀಕತ್ವ ಮಾತ್ರ ಷೇರುದಾರರದ್ದು. ಮೈಸೂರಿಗಿಂತ ಇಲ್ಲಿ ಒಂದು ಸುಧಾರಣೆ ಇತ್ತು. ಆದೇಶಕ್ಕೆ ಐದು ವರ್ಷದ ಮಿತಿ ಇತ್ತು, ಬೇಕಾದರೆ ವಿಸ್ತರಿಸಬಹುದಾದರೂ.

ಆ ಐದು ವರ್ಷ ಮುಗಿಯುವುದರೊಳಗೆ 1974ರ ರೋಗಗ್ರಸ್ತ ಜವಳಿ ಉದ್ಯಮಗಳ ರಾಷ್ಟ್ರೀಕರಣ ಕಾಯಿದೆ ಬಂತು. 103 ಗಿರಣಿಗಳ ಪಟ್ಟಿಯಲ್ಲಿ ಮಿನರ್ವವೂ ಇತ್ತು. ನಿಗಾ ನೋಡಿಕೊಳ್ಳಲು ಬಂದವರು ಒಡೆಯರಾದರು. ಷೇರುದಾರರು ಕೋರ್ಟಿಗೆ ಹೋದಾಗ ಆ ಕಾಯಿದೆಯನ್ನು ಒಂಬತ್ತನೇ ಅನುಸೂಚಿಯಲ್ಲಿ ಸೇರಿಸಿ ಬೇಲಿ ಹಾಕಲಾಗಿತ್ತು. ಸಂವಿಧಾನ ತಿದ್ದುಪಡಿಯ ಪ್ರಶ್ನೆ ಎದ್ದದ್ದು ಹಾಗೆ. 1980ರಲ್ಲಿ ಅವರು ಸಂವಿಧಾನದ ವಾದವನ್ನು ಗೆದ್ದರು. 1986ರಲ್ಲಿ ಅದೇ ಕೋರ್ಟು ರಾಷ್ಟ್ರೀಕರಣವನ್ನು ಎತ್ತಿಹಿಡಿಯಿತು, ಗಿರಣಿ ಅವರ ಕೈಗೆ ಬರಲಿಲ್ಲ. ಕಾರ್ಮಿಕರ ಕಡೆಯಿಂದ ನೋಡಿದರೆ ಕತೆಗೆ ಇನ್ನೊಂದು ಮುಖವಿದೆ ಎಂಬುದು ನಿಜ. ಬೀಗ ಬೀಳಬಹುದಾಗಿದ್ದ ಗಿರಣಿ ನಡೆಯಿತಲ್ಲ ಎಂದು ಅವರು ಹೇಳಿದರೆ ಅದು ತಪ್ಪಲ್ಲ. ನಗರ ಸೀಮೆಯ ರೈತ 1831ರ ಬಗ್ಗೆ ಏನು ಹೇಳುತ್ತಿದ್ದನೋ ಅದೂ ಬಹುಶಃ ಇದೇ ಜಾತಿಯ ಮಾತು.

ಇವತ್ತಿನ ಕಾನೂನು 2016ರ ದಿವಾಳಿ ಸಂಹಿತೆ. ಇದು ಹಳೆಯ ಅನುಭವದಿಂದ ಕಲಿತ ಕಾನೂನು ಎಂದು ನನಗೆ ಅನ್ನಿಸುತ್ತದೆ. ಭಯ ಸಾಲದು, ಸಾಲ ನಿಜವಾಗಿ ಬಾಕಿ ಬಿದ್ದಿರಬೇಕು, 2020ರಿಂದ ಆ ಮೊತ್ತ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ತೀರ್ಮಾನಿಸುವುದು ಸಾಲ ಕೊಟ್ಟವನಲ್ಲ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ಅರ್ಜಿ ಒಪ್ಪಿದ ಕೂಡಲೇ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತಾಗಿ ರೆಸಲ್ಯೂಷನ್ ಪ್ರೊಫೆಷನಲ್ ಎಂಬ ಹೊರಗಿನ ವ್ಯಕ್ತಿಗೆ ಹೋಗುತ್ತದೆ. ಬ್ಯಾಂಕ್ ಖಾತೆ, ಲೆಕ್ಕಪುಸ್ತಕ, ಆಸ್ತಿ ಎಲ್ಲ ಅವರ ವಶ. ಕಂಪನಿಯ ಮೇಲಿನ ದಾವೆ, ವಸೂಲಿ ಎಲ್ಲ ಸ್ಥಗಿತ. ಆದರೆ ಅವರ ಕೆಲಸ ಉದ್ಯಮವನ್ನು ನಡೆಯುತ್ತಿರುವಂತೆಯೇ ಉಳಿಸುವುದು. ಹೊಸ ಸಾಲ ಎತ್ತುವುದು, ಆಸ್ತಿಯ ಮೇಲೆ ಹಕ್ಕು ಸೃಷ್ಟಿಸುವುದು ಇತ್ಯಾದಿಗೆ ಸಾಲಗಾರರ ಸಮಿತಿಯ ಶೇ. 66 ಮತ ಬೇಕು. ಮತ್ತು ಗಡಿಯಾರವಿದೆ. ಸಂಹಿತೆಯ ಪ್ರಕಾರ 180 ದಿನ, ಎಲ್ಲ ವಿಸ್ತರಣೆ ಮತ್ತು ವ್ಯಾಜ್ಯ ಸೇರಿ 330. ಗಡಿಯಾರ ಹಿಂದೆ ಬೀಳುವುದು ಮಾಮೂಲು, ಆದರೆ ಹಿಂದೆ ಬಿದ್ದಿದೆ ಎಂದು ಹೇಳುವುದಕ್ಕಾದರೂ ಒಂದು ಗಡಿಯಾರ ಗೋಡೆಯ ಮೇಲಿದೆ. 2024ರ ಜುಲೈನಲ್ಲಿ ಬೆಂಗಳೂರಿನ ನ್ಯಾಯಮಂಡಳಿ ಬೈಜೂಸ್ ಕಂಪನಿಯ ವಿರುದ್ಧ ಕ್ರಿಕೆಟ್ ಮಂಡಳಿ ತಂದಿದ್ದ 158.9 ಕೋಟಿ ರೂಪಾಯಿಯ ಅರ್ಜಿಯನ್ನು ಒಪ್ಪಿದಾಗ ಇದೆಲ್ಲ ಸುದ್ದಿಯಾಯಿತು. ಇಬ್ಬರೂ ರಾಜಿ ಮಾಡಿಕೊಂಡರೂ ಆ ರಾಜಿಯನ್ನು ಮೇಲ್ಮನವಿ ಮಂಡಳಿ ಒಪ್ಪಿದ ಕ್ರಮ ಸರಿಯಲ್ಲವೆಂದು ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ವಹಿಸಿಕೊಟ್ಟ ಮೇಲೆ ಅದು ಇಬ್ಬರ ನಡುವಿನ ವ್ಯವಹಾರವಾಗಿ ಉಳಿಯುವುದಿಲ್ಲ, ಎಲ್ಲ ಸಾಲದವರದ್ದೂ ಆಗುತ್ತದೆ.

ಎಲ್ಲರದ್ದೂ ಎಂದೆ, ಆದರೆ ಸಾಲಿನಲ್ಲಿ ಎಲ್ಲರ ಜಾಗ ಒಂದೇ ಅಲ್ಲ. ಕಂಪನಿ ಕೊನೆಗೆ ಮಾರಾಟವಾದರೆ ಹಣ ಯಾವ ಕ್ರಮದಲ್ಲಿ ಹಂಚಬೇಕೆಂದು 53ನೇ ಸೆಕ್ಷನ್ ಹೇಳುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಅಡಮಾನವಿರುವ ಬ್ಯಾಂಕು ಮತ್ತು ಕಾರ್ಮಿಕರ 24 ತಿಂಗಳ ಬಾಕಿ ಸಮಸಮ, ನಂತರ ಉಳಿದ ನೌಕರರು, ಅಡಮಾನವಿಲ್ಲದ ಹಣಕಾಸು ಸಾಲ, ಸರ್ಕಾರದ ತೆರಿಗೆ. ಸರಕು ಕೊಟ್ಟು ದುಡ್ಡಿಗೆ ಕಾಯುತ್ತಿರುವವರು ಅದರ ನಂತರದ ‘ಉಳಿದ ಸಾಲ’ಗಳಲ್ಲಿ ಬರುತ್ತಾರೆ. ಕೊಳ್ಳೇಗಾಲದ ನೇಕಾರ ಬೆಂಗಳೂರಿನ ಒಂದು ಕಂಪನಿಗೆ ರೇಷ್ಮೆ ಸೀರೆ ಕೊಟ್ಟಿದ್ದರೆ, ರೈತ ಕಾರ್ಖಾನೆಗೆ ಕಬ್ಬು ಹಾಕಿದ್ದರೆ, ಆ ಕಂಪನಿ ಮುಳುಗಿದ ದಿನ ಅವನ ಜಾಗ ಅಲ್ಲಿ. ಸಾಲಗಾರರ ಸಮಿತಿಯಲ್ಲಿ ಸಾಮಾನ್ಯವಾಗಿ ಅವನಿಗೆ ಮತವಿಲ್ಲ. 1799ರ ಕರಾರಿನಲ್ಲಿ ಹೆಸರಿಲ್ಲದಿದ್ದ ಮನುಷ್ಯನಿಗೆ 2016ರಲ್ಲಿ ಹೆಸರು ಸಿಕ್ಕಿದೆ, ಸಾಲಿನ ಕೊನೆಯ ಹತ್ತಿರ ಒಂದು ಜಾಗವೂ ಸಿಕ್ಕಿದೆ. ಇದನ್ನು ಪ್ರಗತಿ ಎನ್ನಲೇಬೇಕು. ಹೇಳುವಾಗ ನಾಲಗೆ ಸ್ವಲ್ಪ ತಡವರಿಸುತ್ತದೆ, ಅಷ್ಟೆ.

ಅರ್ಧಕ್ಕೆ ಬಿಟ್ಟಿದ್ದ ಮೈಸೂರಿಗೆ ಮರಳುತ್ತೇನೆ. ಚಾಮರಾಜೇಂದ್ರ ಒಡೆಯರು ದೊಡ್ಡವರಾಗುವವರೆಗೆ ಕಾಯಬೇಕು ಎಂದಾಗಿತ್ತು. ಅಷ್ಟರಲ್ಲಿ 1876ರಿಂದ 1878ರವರೆಗಿನ ಧಾತು ಈಶ್ವರ ಬರ ಬಂತು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಅಷ್ಟು ಜನ ಸತ್ತದ್ದು ರಾಜರ ದುರಾಡಳಿತದಲ್ಲಿ ಅಲ್ಲ, ಆಡಳಿತ ಸುಧಾರಿಸಲೆಂದು ಬಂದವರ ಉಸ್ತುವಾರಿಯಲ್ಲಿ. ಬರ ಪರಿಹಾರಕ್ಕೆಂದು ಭಾರತ ಸರ್ಕಾರದಿಂದ ಮೈಸೂರಿನ ಹೆಸರಿನಲ್ಲಿ ಸಾಲ ಮಾಡಿದರು. 1881ರ ಮಾರ್ಚ್ 25ರಂದು ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ ಅದರೊಂದಿಗೆ 80 ಲಕ್ಷ ರೂಪಾಯಿ ಸಾಲವನ್ನೂ ಒಪ್ಪಿಸಿದರು. ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು, ಹೆಚ್ಚಿದ ಮೊತ್ತದ ವಸೂಲಿಯನ್ನು ಮಾತ್ರ ಕೆಲವು ವರ್ಷ ಮುಂದೂಡಿದರು. ಸಾಲದ ಭಯದಿಂದ ತೆಗೆದುಕೊಂಡದ್ದನ್ನು ಐವತ್ತು ವರ್ಷದ ನಂತರ ಸಾಲದ ಸಮೇತ ಕೊಟ್ಟರು. ಮೊದಲ ದಿವಾನರಾದ ರಂಗಾಚಾರ್ಲು ಅವರ ಪಾಲಿಗೆ ಬಂದದ್ದು ಆ ಲೆಕ್ಕಪುಸ್ತಕ. ಐದನೆಯ ಕಲಮಿನಲ್ಲಿ ಮಾತು ಕೊಟ್ಟಿದ್ದ ‘ನಂಬಿಗಸ್ತ ಲೆಕ್ಕ’ದ ಕೊನೆಯ ಪುಟ ಇದೇ ಎಂದು ಓದಿದರೆ ಯಾರೂ ಆಕ್ಷೇಪಿಸಲಾರರು.

ಆದರೂ ಕೊಟ್ಟರು. ಭಾಗವನ್ನು ಮೀರಿ ಪೂರ್ತಿ ತೆಗೆದುಕೊಂಡಿದ್ದರೂ, ವಾರಸುದಾರನಿಲ್ಲದೆ ಹೋಗಲಿ ಎಂದು ಕಾದಿದ್ದರೂ, ಕೊಡಬೇಕಾಯಿತು. ತಮ್ಮ ಕಾಗದದಲ್ಲಿ ಅವರು ಎಂದೂ ‘ಗೆದ್ದೆವು’ ಎಂದು ಬರೆದುಕೊಂಡಿರಲಿಲ್ಲ. ಯಳಂದೂರು ಜಹಗೀರು ಮತ್ತೆ ಮೈಸೂರು ಮಹಾರಾಜರ ಆಳ್ವಿಕೆಯೊಳಗೆ ಬಂತು. ಅಲ್ಲಿಯ ಜಹಗೀರುದಾರರೂ ಪೂರ್ಣಯ್ಯನವರ ವಂಶಸ್ಥರೂ ಆದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಸಂಸ್ಥಾನದ ದಿವಾನರಾದರು.

ಅರ್ಧ ಗಂಟೆಯ ದಾರಿಯಲ್ಲಿದ್ದ ಕೊಳ್ಳೇಗಾಲಕ್ಕೂ ಹನೂರಿನ ಕಾಡಂಚಿನ ಹಳ್ಳಿಗಳಿಗೂ 1881ರ ಮಾರ್ಚ್ 25 ಮಾಮೂಲಿನ ಒಂದು ಶುಕ್ರವಾರ. ಅವರ ಜಿಲ್ಲೆ ಕೊಯಮತ್ತೂರು, ಅವರ ರಾಜಧಾನಿ ಮದ್ರಾಸು. ಅವರು ಮೈಸೂರಿಗೆ ಬಂದದ್ದು ಇನ್ನೂ ಎಪ್ಪತ್ತೈದು ವರ್ಷ ಕಳೆದು, 1956ರ ನವೆಂಬರ್ 1ರಂದು, ಅವರಾಡುವ ಮಾತು ಕನ್ನಡ ಎಂಬ ಕಾರಣಕ್ಕೆ. ಅವರನ್ನು ಹಿಂದಕ್ಕೆ ಕೊಡಬೇಕೆಂಬ ಕಲಮು ಯಾವ ಕರಾರಿನಲ್ಲೂ ಇರಲಿಲ್ಲ.